ಟಿಕೆಟ್ ಕೊಳ್ಳದವರ ತೆರಿಗೆ ಹಣ ಕಲೆಗೆ ಯಾಕೆ ಹೋಗಬೇಕು?

ಓದುಗರ ಪ್ರಶ್ನೆ: ನಾಟಕ, ಸಂಗೀತ, ಮ್ಯೂಸಿಯಂ, ಸಾಹಿತ್ಯ ಎಂದು ಸರ್ಕಾರಗಳು ತೆರಿಗೆ ಹಣ ಕೊಡುತ್ತವೆ. ಆದರೆ ಇವನ್ನು ನೋಡಲು ಹೋಗುವವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು. ಅಲ್ಲಿಗೆ ಎಂದೂ ಕಾಲಿಡದವರ ತೆರಿಗೆಯಿಂದ ಇವರ ಟಿಕೆಟ್ ದರ ಇಳಿಸುವುದು ನ್ಯಾಯವೇ? ಜನಕ್ಕೆ ಬೇಕಾದ ಕಲೆ ಜನರ ದುಡ್ಡಿನಿಂದಲೇ ಬದುಕಲಿ ಅಲ್ವಾ? ಇನ್ನೂ ಒಂದು ಅನುಮಾನ. ಸರ್ಕಾರದಿಂದ ಅನುದಾನ ಪಡೆದ ಕಲಾವಿದ ಸರ್ಕಾರವನ್ನು ಪ್ರಶ್ನಿಸಲು ಸಾಧ್ಯವೇ?

ಉತ್ತರ: ನಿಮ್ಮ ಮೊದಲ ಮಾತು ನಿಜ. ಕಲೆಯ ಪರವಾಗಿ ಮಾತಾಡುವ ನಾವು ಬಹಳಷ್ಟು ಜನ ಅದನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತೇವೆ. ಹಿಂಜರಿಯಬಾರದು.

1960ರ ದಶಕದಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ಡಿಯು ಮತ್ತು ಜೊತೆಗಾರರು ಯುರೋಪಿನ ಮ್ಯೂಸಿಯಂಗಳಿಗೆ ಯಾರು ಬರುತ್ತಾರೆ ಎಂದು ಸಮೀಕ್ಷೆ ಮಾಡಿದರು. ಓದು ಜಾಸ್ತಿ ಇದ್ದವರೇ ಜಾಸ್ತಿ ಬರುತ್ತಿದ್ದರು. ಟಿಕೆಟ್ ದರಕ್ಕಿಂತ ದೊಡ್ಡ ತಡೆ, ಚಿಕ್ಕಂದಿನಲ್ಲಿ ಈ ರೂಢಿ ಸಿಗದಿರುವುದು. ಮುಂದೆ ಬ್ರಿಟನ್‌ನಲ್ಲಿ 2001ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಮ್ಯೂಸಿಯಂಗಳ ಪ್ರವೇಶ ಶುಲ್ಕವನ್ನೇ ತೆಗೆದುಹಾಕಿದರು. ಮೊದಲು ಶುಲ್ಕ ಇದ್ದ ಮ್ಯೂಸಿಯಂಗಳಲ್ಲಿ ಭೇಟಿಗಳ ಸಂಖ್ಯೆ ಹತ್ತು ವರ್ಷದಲ್ಲಿ ದುಪ್ಪಟ್ಟಿಗೂ ಮೇಲೆ ಹೋಯಿತು. ಆದರೆ ಬರುವವರಲ್ಲಿ ಬಡವರ ಪಾಲು ಅಷ್ಟೇನೂ ಏರಲಿಲ್ಲ. ಮೊದಲಿನಿಂದ ಬರುತ್ತಿದ್ದ ವರ್ಗದವರೇ ಇನ್ನಷ್ಟು ಸಲ ಬಂದರು. ಹಾಗಾಗಿ "ಟಿಕೆಟ್ ಅಗ್ಗ ಮಾಡಿದರೆ ಕಲೆ ಎಲ್ಲರಿಗೂ ಸಿಕ್ಕಂತೆ" ಎನ್ನುವ ವಾದವನ್ನು ನಾನು ನಿಮ್ಮ ಮುಂದೆ ಇಡುವುದಿಲ್ಲ.

ನನ್ನ ನಿಲುವು ಇಷ್ಟು. ತೆರಿಗೆ ಹಣಕ್ಕೆ ಗಟ್ಟಿ ಕಾರಣ ಇರುವುದು ಎರಡು ತುದಿಗಳಲ್ಲಿ. ಒಂದು, ಕೃತಿ ಹುಟ್ಟುವ ಕಡೆ. ಆಗ ಅದಕ್ಕೆ ಪ್ರೇಕ್ಷಕರೇ ಇರುವುದಿಲ್ಲ, ಟಿಕೆಟ್ ಮಾರಿ ಬದುಕು ಎಂದು ಹೇಳಿದರೆ ಅರ್ಥವಿಲ್ಲ. ಇನ್ನೊಂದು, ತಲುಪದವರನ್ನು ತಲುಪುವ ಕಡೆ. ಇವೆರಡರ ನಡುವೆ ಹೆಸರಾದ ಸಂಸ್ಥೆಗಳು, ದೊಡ್ಡ ಕಟ್ಟಡಗಳು, ಹೇಗಿದ್ದರೂ ಬರುವ ಪ್ರೇಕ್ಷಕರು ಇದ್ದಾರೆ. ಅಲ್ಲಿ ಕಾರಣ ತೆಳುವಾಗುತ್ತದೆ. ಆದರೆ ಬಹಳ ದೇಶಗಳಲ್ಲಿ ಹಣದ ದೊಡ್ಡ ಪಾಲು ಹೋಗುವುದು ಈ ನಡುವಿಗೇ. ನಿಮ್ಮ ಸಿಟ್ಟು ಹುಟ್ಟುವುದು ಅಲ್ಲಿಂದ, ನನ್ನದೂ ಅಲ್ಲಿಂದಲೇ.

ಜನರ ದುಡ್ಡಿನಿಂದಲೇ ಕಲೆ ಬದುಕಬಹುದೇ? ಎಷ್ಟೋ ಕಲೆ ಬದುಕುತ್ತದೆ. 1637ರಲ್ಲಿ ವೆನಿಸ್‌ನಲ್ಲಿ ಸಾನ್ ಕಾಸ್ಸಿಯಾನೋ ಎಂಬ ರಂಗಮಂದಿರ ದುಡ್ಡು ಕೊಟ್ಟವರಿಗೆಲ್ಲ ಬಾಗಿಲು ತೆರೆಯಿತು. ಅದುವರೆಗೆ ಅರಮನೆಯೊಳಗಿದ್ದ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಹೀಗೆ ಸಾರ್ವಜನಿಕರ ಕಲೆಯಾಯಿತು. ಸಿನಿಮಾ, ಕಾದಂಬರಿ, ಜನಪ್ರಿಯ ಸಂಗೀತ ಬೆಳೆದದ್ದೂ ಬಹುಪಾಲು ಮಾರುಕಟ್ಟೆಯಲ್ಲಿಯೇ. ಮಾರುಕಟ್ಟೆಯನ್ನು ಕಲೆಯ ಶತ್ರು ಎಂದು ನಾನು ನೋಡುವುದಿಲ್ಲ.

ಆದರೆ ಕೆಲವು ಕಲೆಗಳಿಗೆ ಒಂದು ತೊಂದರೆ ಇದೆ. ಅದನ್ನು 1966ರಲ್ಲಿ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ವಿವರಿಸಿದರು. ನಾಲ್ವರು ತಂತಿವಾದ್ಯ ನುಡಿಸುವ ಒಂದು ರಚನೆ ಇದೆ ಎನ್ನಿ. ಇನ್ನೂರು ವರ್ಷದ ಹಿಂದೆ ಅದಕ್ಕೆ ನಾಲ್ಕು ಜನ ಬೇಕಿತ್ತು, ಅರ್ಧ ಗಂಟೆ ಬೇಕಿತ್ತು. ಇವತ್ತೂ ಅಷ್ಟೇ ಜನ, ಅಷ್ಟೇ ಹೊತ್ತು. ಈ ಅವಧಿಯಲ್ಲಿ ಕಾರ್ಖಾನೆಯ ಕೆಲಸಗಾರ ಒಂದು ಗಂಟೆಯಲ್ಲಿ ಮಾಡುವ ಕೆಲಸ ಎಷ್ಟೋ ಪಟ್ಟು ಹೆಚ್ಚಿದೆ. ಅದರ ಜೊತೆಗೆ ಸಂಬಳವೂ ಏರಿದೆ. ವಾದ್ಯ ನುಡಿಸುವವರಿಗೂ ಆ ಸಂಬಳಕ್ಕೆ ಹತ್ತಿರವಾದದ್ದು ಕೊಡಬೇಕು, ಇಲ್ಲದಿದ್ದರೆ ಅವರು ಬೇರೆ ಕೆಲಸ ಹಿಡಿಯುತ್ತಾರೆ. ಹೀಗಾಗಿ ನಾಟಕ, ನೃತ್ಯ, ಕಛೇರಿಗಳ ಖರ್ಚು ಉಳಿದ ವಸ್ತುಗಳಿಗಿಂತ ಬೇಗ ಏರುತ್ತಲೇ ಹೋಗುತ್ತದೆ. ಇದನ್ನು ಬೌಮೋಲ್ ಹೇಳಿದ ವೆಚ್ಚದ ಕಾಯಿಲೆ ಎಂದು ಕರೆಯುತ್ತಾರೆ. ಶಿಕ್ಷಣಕ್ಕೂ ಆಸ್ಪತ್ರೆಗಳಿಗೂ ಇದೇ ಅನ್ವಯಿಸುತ್ತದೆ.

ಇದಷ್ಟರಿಂದಲೇ ಅನುದಾನ ಕೊಡಬೇಕು ಎಂದು ಸಾಬೀತಾಗುವುದಿಲ್ಲ. ಖರ್ಚು ಜಾಸ್ತಿ ಆಯಿತು ಎನ್ನುವುದು ಕೊಡಲು ಕಾರಣವಲ್ಲ. ಬೌಮೋಲ್ ಸ್ವತಃ ಮುಂದೆ ಇನ್ನೊಂದು ಮಾತು ಹೇಳಿದರು. ಉಳಿದ ಕ್ಷೇತ್ರಗಳಲ್ಲಿ ಉತ್ಪಾದನೆ ಏರಿದ್ದರಿಂದಲೇ ಸಮಾಜ ಶ್ರೀಮಂತವಾಗಿದೆ, ಹಾಗಾಗಿ ಈ ಖರ್ಚನ್ನು ಭರಿಸುವ ಶಕ್ತಿಯೂ ಅದಕ್ಕೆ ಬಂದಿದೆ ಎಂದು. ಶಕ್ತಿ ಇದೆ ಎಂದಮೇಲೆ ಉಳಿಯುವುದು ನಮಗೆ ಇದು ಬೇಕೇ ಎಂಬ ಪ್ರಶ್ನೆ. ಬೇಕು ಎನ್ನಲು ನನಗಿರುವ ಮುಖ್ಯ ಕಾರಣ ಇದು: ಹೊಸ ಕೃತಿಯಿಂದ ಲಾಭ ಪಡೆಯುವವರು ಅದಕ್ಕೆ ದುಡ್ಡು ಕೊಟ್ಟವರಷ್ಟೇ ಅಲ್ಲ. ಒಂದು ಸಣ್ಣ ತಂಡ ಐವತ್ತು ಜನರ ಮುಂದೆ ಹೊಸದೊಂದು ರಂಗಭಾಷೆ ಪ್ರಯೋಗಿಸುತ್ತದೆ. ಹತ್ತು ವರ್ಷದ ನಂತರ ಅದು ಸಿನಿಮಾಕ್ಕೆ, ಟೀವಿಗೆ, ಜಾಹೀರಾತಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಮೊದಲ ತಂಡ ಮುಚ್ಚಿಹೋಗಿರಬಹುದು. ಮೂಲ ವಿಜ್ಞಾನದ ಸಂಶೋಧನೆಗೆ ಸರ್ಕಾರ ಹಣ ಕೊಡುವುದು ಇದೇ ತರ್ಕದ ಮೇಲೆ.

ಒಂದು ವಾದವನ್ನು ಮಾತ್ರ ನಂಬಬೇಡಿ. "ಕಲೆಗೆ ಹಾಕಿದ ಒಂದು ರೂಪಾಯಿ ನಾಲ್ಕು ರೂಪಾಯಿಯಾಗಿ ವಾಪಸ್ ಬರುತ್ತದೆ" ಎನ್ನುವ ಥರದ ವರದಿಗಳು ಎಲ್ಲ ದೇಶಗಳಲ್ಲೂ ಬರುತ್ತವೆ. ಹೋಟೆಲ್, ಬಸ್ಸು, ಮುದ್ರಣ ಎಲ್ಲವನ್ನೂ ಅದರಲ್ಲಿ ಕೂಡಿಸಿರುತ್ತಾರೆ. ಆ ರೂಪಾಯಿಯನ್ನು ರಸ್ತೆಗೋ ಕ್ರೀಡೆಗೋ ಹಾಕಿದ್ದರೂ ಅಂಥದ್ದೇ ಸರಣಿ ಖರ್ಚು ಆಗುತ್ತಿತ್ತು. ಹಾಗೆ ಹೋಲಿಸದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಲೆಯನ್ನು ವ್ಯಾಪಾರದ ಲೆಕ್ಕದಲ್ಲಿ ಸಮರ್ಥಿಸಿದರೆ, ನಾಳೆ ಲೆಕ್ಕ ಕೂಡಿಬರದಿದ್ದಾಗ ನಿಲ್ಲಿಸಲು ನೀವೇ ಕಾರಣ ಕೊಟ್ಟಂತೆ.

ಕಾಲಿಡದವರ ದುಡ್ಡು ಎಂಬ ನಿಮ್ಮ ಮಾತಿಗೆ ಫ್ರಾನ್ಸ್ ಒಂದು ಒಳ್ಳೆಯ ದಾರಿ ಕಂಡುಕೊಂಡಿದೆ. ಅಲ್ಲಿ ಸಿನಿಮಾ ಟಿಕೆಟ್ ಬೆಲೆಯ 10.72 ಶೇಕಡಾ ಭಾಗ ವಿಶೇಷ ತೆರಿಗೆಯಾಗಿ ಹೋಗುತ್ತದೆ. 1946ರಲ್ಲಿ ಹುಟ್ಟಿದ ರಾಷ್ಟ್ರೀಯ ಸಿನಿಮಾ ಕೇಂದ್ರ ಆ ಹಣವನ್ನು ಮುಂದಿನ ಸಿನಿಮಾಗಳಿಗೆ ಹಂಚುತ್ತದೆ. ಹಾಲಿವುಡ್ ಚಿತ್ರ ಚೆನ್ನಾಗಿ ಓಡಿದರೆ ಅದರ ಟಿಕೆಟ್ಟಿನ ಪಾಲೂ ಇದೇ ನಿಧಿಗೆ ಸೇರುತ್ತದೆ. ಸಿನಿಮಾ ನೋಡುವವರೇ ಮುಂದಿನ ಸಿನಿಮಾಕ್ಕೆ ದುಡ್ಡು ಹಾಕುತ್ತಾರೆ, ನೋಡದವರ ಜೇಬಿಗೆ ಕೈಹಾಕಿಲ್ಲ. ಆದರೆ ಇದು ದೊಡ್ಡ ಪ್ರೇಕ್ಷಕರಿರುವ ಕಲೆಗೆ ಮಾತ್ರ ಹೊಂದುತ್ತದೆ. ಕಾವ್ಯಕ್ಕೆ ಇಂಥ ನಿಧಿ ಕಟ್ಟಲು ಆಗುವುದಿಲ್ಲ.

ಕಣ್ಣಿಗೆ ಕಾಣದ ಅನುದಾನವೂ ಇದೆ. ಅಮೆರಿಕದಲ್ಲಿ ಕಲೆಗೆ ಸರ್ಕಾರದ ಹಣ ಕಡಿಮೆ, ದಾನಿಗಳದ್ದೇ ಜಾಸ್ತಿ ಎನ್ನುತ್ತಾರೆ. ಆದರೆ 1917ರಿಂದ ಅಲ್ಲಿ ದಾನಕ್ಕೆ ತೆರಿಗೆ ವಿನಾಯಿತಿ ಇದೆ. 35 ಶೇಕಡಾ ತೆರಿಗೆ ಕಟ್ಟುವ ಸಿರಿವಂತ ಮ್ಯೂಸಿಯಂಗೆ ನೂರು ಡಾಲರ್ ಕೊಟ್ಟರೆ, ಖಜಾನೆಗೆ ಬರಬೇಕಿದ್ದ 35 ಡಾಲರ್‌ವರೆಗೆ ಬರದೆ ಹೋಗಬಹುದು. ಆ 35 ಡಾಲರ್ ಸಾರ್ವಜನಿಕ ಹಣವೇ. ಅದು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಿದವನು ಮಾತ್ರ ಆ ಸಿರಿವಂತ. ಸರ್ಕಾರ ಕೊಡುವುದನ್ನು ನಿಲ್ಲಿಸಿ ದಾನಕ್ಕೆ ಬಿಟ್ಟರೆ ತೆರಿಗೆದಾರ ಪಾರಾದ ಎಂದುಕೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಹುಟ್ಟುವ ತುದಿಗೆ ಬರೋಣ. ನನಗೆ ಬಹಳ ಇಷ್ಟವಾದ ಯೋಜನೆ ನಾರ್ವೆಯದು. ಸಣ್ಣ ಭಾಷೆ, ಕಡಿಮೆ ಓದುಗರು, ಪುಸ್ತಕ ಹಾಕಿದರೆ ಪ್ರಕಾಶಕರಿಗೆ ನಷ್ಟದ ಭಯ. 1965ರಲ್ಲಿ ಅಲ್ಲಿ ಸಗಟು ಖರೀದಿ ಯೋಜನೆ ಶುರುವಾಯಿತು. ಒಂದು ಗುಣಮಟ್ಟ ದಾಟಿದ ಹೊಸ ಸಾಹಿತ್ಯ ಕೃತಿಯ ಸುಮಾರು ಸಾವಿರ ಪ್ರತಿಗಳನ್ನು ಕಲಾ ಮಂಡಳಿ ಕೊಂಡು ದೇಶದ ಗ್ರಂಥಾಲಯಗಳಿಗೆ ಕಳಿಸುತ್ತಿತ್ತು. ಪ್ರತಿಗಳ ಸಂಖ್ಯೆ ಕಾಲಕಾಲಕ್ಕೆ ಬದಲಾಗಿದೆ, ಯೋಜನೆ ಈಗಲೂ ನಡೆಯುತ್ತಿದೆ. ಇದರ ಜಾಣತನ ನೋಡಿ. ಪ್ರಕಾಶಕರ ನಷ್ಟದ ಭಯ ಇಳಿಯಿತು. ಲೇಖಕರಿಗೆ ಗೌರವಧನ ಖಾತ್ರಿಯಾಯಿತು. ಸಣ್ಣ ಊರಿನ ಗ್ರಂಥಾಲಯಕ್ಕೂ ಹೊಸ ಪುಸ್ತಕ ಬಂತು. ಹುಟ್ಟುವ ತುದಿ, ತಲುಪುವ ತುದಿ ಎರಡಕ್ಕೂ ಒಂದೇ ಹಣ ಕೆಲಸ ಮಾಡಿತು. ಎಲ್ಲಕ್ಕಿಂತ ಮುಖ್ಯವಾಗಿ, ತೀರ್ಮಾನ ನಡೆಯುವುದು ಪುಸ್ತಕ ಬಂದ ಮೇಲೆ. ಬರೆಯುವ ಮೊದಲು ಲೇಖಕ ಯಾರ ಮುಂದೆಯೂ ಅರ್ಜಿ ಹಿಡಿದು ನಿಲ್ಲಬೇಕಿಲ್ಲ.

ಇದರ ಪಕ್ಕದಲ್ಲಿ ನೆದರ್‌ಲ್ಯಾಂಡ್ಸ್ ಯೋಜನೆಯನ್ನು ಇಟ್ಟು ನೋಡಿ. 1949ರಿಂದ 1987ರವರೆಗೆ ಅಲ್ಲಿ ಬಡ ಚಿತ್ರಕಾರರಿಗೆ, ಶಿಲ್ಪಿಗಳಿಗೆ ಜೀವನಕ್ಕೆ ಹಣ ಸಿಗುತ್ತಿತ್ತು. ಬದಲಿಗೆ ಅವರು ಕೃತಿಗಳನ್ನು ಕೊಡಬೇಕಿತ್ತು. ಉದ್ದೇಶ ಒಳ್ಳೆಯದೇ. ಎಷ್ಟೋ ಕಲಾವಿದರು ಅದರಿಂದ ಬದುಕಿದರು. ಆದರೆ ಲಕ್ಷಗಟ್ಟಲೆ ಕೃತಿಗಳು ಸರ್ಕಾರದ ಗೋದಾಮುಗಳಲ್ಲಿ ರಾಶಿ ಬಿದ್ದವು. ನೋಡುವವರಿಲ್ಲ, ಇಡಲು ಜಾಗವಿಲ್ಲ. ಕೊನೆಗೆ ಎಷ್ಟನ್ನೋ ಹಂಚಿ ಮುಗಿಸಬೇಕಾಯಿತು. ಹೊಟ್ಟೆಪಾಡಿಗೆ ನೆರವು ಕೊಡುವುದು ಒಂದು ಕೆಲಸ. ಜನರಿಗಾಗಿ ಒಳ್ಳೆಯ ಕಲೆ ಕೊಳ್ಳುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದಾಗ ಎರಡೂ ಕೆಟ್ಟವು. ಕೃತಿ ಕೊಳ್ಳುವವರಿಗೆ ಬೇಡ ಎನ್ನಲು ಮನಸ್ಸು ಬರುತ್ತಿರಲಿಲ್ಲ, ಯಾಕೆಂದರೆ ಬೇಡ ಎಂದರೆ ಒಂದು ಮನೆಯ ಒಲೆ ಆರುತ್ತಿತ್ತು.

ಐರ್ಲೆಂಡ್ ಇವೆರಡನ್ನೂ ಬೇರೆ ಮಾಡಿತು. 2022ರಲ್ಲಿ 2000 ಕಲಾವಿದರಿಗೆ ವಾರಕ್ಕೆ 325 ಯೂರೋ ಮೂಲ ಆದಾಯ ಕೊಡುವ ಪ್ರಯೋಗ ಶುರು ಮಾಡಿತು. ಕೃತಿ ಒಪ್ಪಿಸಬೇಕು ಎನ್ನುವ ಷರತ್ತಿಲ್ಲ. ಅರ್ಹ ಅರ್ಜಿದಾರರಲ್ಲಿ ಯಾರಿಗೆ ಕೊಡಬೇಕು ಎಂದು ಲಾಟರಿ ಎತ್ತಿದರು. ಹಣ ಸಿಗದ ಇನ್ನೊಂದು ಗುಂಪನ್ನೂ ಇಟ್ಟುಕೊಂಡು ಹೋಲಿಸಿದರು. ಹಣ ಸಿಕ್ಕವರು ಕಲೆಯ ಕೆಲಸಕ್ಕೆ ಕೊಟ್ಟ ಹೊತ್ತು ಜಾಸ್ತಿಯಾಗಿತ್ತು. ಲಾಟರಿ ಎಂದರೆ ಅನೇಕರು ಮುಖ ಸಿಂಡರಿಸುತ್ತಾರೆ. ಆಯ್ಕೆ ಸಮಿತಿಗಳಲ್ಲಿ ಕೂತ ಅನುಭವದಿಂದ ಹೇಳುತ್ತೇನೆ, ತೀರಾ ಒಳ್ಳೆಯ ಅರ್ಜಿ ಯಾವುದು, ತೀರಾ ಕಳಪೆ ಯಾವುದು ಎಂದು ಬೇಗ ಗೊತ್ತಾಗುತ್ತದೆ. ನಡುವಿನ ದೊಡ್ಡ ರಾಶಿಯಲ್ಲಿ ಇದಕ್ಕಿಂತ ಅದು ಮೇಲು ಎಂದು ಹೇಳುವಾಗ ನಮ್ಮ ಅಭಿರುಚಿ, ಪರಿಚಯ, ಆಯಾಸ ಎಲ್ಲವೂ ಬಂದು ಕೂರುತ್ತವೆ. ಕನಿಷ್ಠ ಮಟ್ಟ ದಾಟಿದವರಲ್ಲಿ ಚೀಟಿ ಎತ್ತುವುದು ಅದಕ್ಕಿಂತ ಪ್ರಾಮಾಣಿಕ.

ತಲುಪುವ ತುದಿಯಲ್ಲಿ ಸುಲಭದ ಉತ್ತರ ಕಡಿಮೆ. ಇಟಲಿ 2016ರಲ್ಲಿ 18 ತುಂಬಿದವರಿಗೆ 500 ಯೂರೋ ಕೊಟ್ಟು, ಪುಸ್ತಕ, ಟಿಕೆಟ್ ಏನು ಬೇಕೋ ಕೊಳ್ಳಿ ಎಂದಿತು. ಫ್ರಾನ್ಸ್ 2021ರಲ್ಲಿ 300 ಯೂರೋಗಳ ಇಂಥದ್ದೇ ಯೋಜನೆಯನ್ನು ದೇಶಕ್ಕೆಲ್ಲ ತಂದಿತು. ಹುಡುಗರು ಹೆಚ್ಚಾಗಿ ಪುಸ್ತಕ ಕೊಂಡರು, ಅದರಲ್ಲೂ ಜಪಾನಿನ ಚಿತ್ರಕಥೆ ಪುಸ್ತಕಗಳಾದ ಮಾಂಗಾ. ಹಿರಿಯರು ಇದನ್ನು ಹೀಗಳೆದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಓದುವ ಹುಡುಗ ಓದಲಿ. ಆದರೆ ರಂಗಮಂದಿರವನ್ನೇ ನೋಡದ ಮಗುವಿನ ಕೈಗೆ ಹಣ ಕೊಟ್ಟ ಮಾತ್ರಕ್ಕೆ ಅದು ರಂಗಮಂದಿರಕ್ಕೆ ಹೋಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಶಾಲೆಯಲ್ಲಿ ಕಲೆ ಸಿಗಬೇಕು, ಸುಮ್ನೆ ನೋಡಲು ಅಲ್ಲ, ತಾನೇ ಹಾಡಲು, ಆಡಲು, ಬರೆಯಲು. ತಂಡಗಳು ಜನರಿರುವಲ್ಲಿಗೆ ಹೋಗಬೇಕು. ಇದು ನಿಧಾನದ ಕೆಲಸ. ಉದ್ಘಾಟನೆಯ ಫೋಟೋ ಸಿಗುವುದಿಲ್ಲ, ಹಾಗಾಗಿ ಮಂತ್ರಿಗಳಿಗೆ ಇದರ ಮೇಲೆ ಆಸಕ್ತಿ ಕಡಿಮೆ.

ಈ ತುದಿಯಿಂದ ಹಣ ನಡುವಿಗೆ ಹೇಗೆ ಜಾರುತ್ತದೆ ಎನ್ನಲು ಬ್ರಿಟನ್ನಿನ ಕಥೆ ಹೇಳಬೇಕು. 1940ರಲ್ಲಿ, ಯುದ್ಧದ ನಡುವೆ, ಅಲ್ಲಿ ಸಂಗೀತ ಮತ್ತು ಕಲೆಗಳ ಪ್ರೋತ್ಸಾಹಕ್ಕೆ ಒಂದು ಮಂಡಳಿ ಹುಟ್ಟಿತು. ಅದು ಕಾರ್ಖಾನೆಗಳಿಗೆ, ಸಣ್ಣ ಪಟ್ಟಣಗಳಿಗೆ ಸಂಗೀತಗಾರರನ್ನು, ನಾಟಕ ತಂಡಗಳನ್ನು ಕಳಿಸಿತು. ಹವ್ಯಾಸಿ ತಂಡಗಳಿಗೂ ನೆರವಾಯಿತು. 1942ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅದರ ಅಧ್ಯಕ್ಷರಾದರು. ಕೇನ್ಸ್ ಕಲೆಯನ್ನು ನಿಜಕ್ಕೂ ಪ್ರೀತಿಸಿದ ಮನುಷ್ಯ. ಆದರೆ ಅವರ ಒಲವು ವೃತ್ತಿಪರ, ಉನ್ನತ ಮಟ್ಟದ ಕಲೆಯ ಕಡೆಗಿತ್ತು. ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾ ಮಂದಿರದ ಟ್ರಸ್ಟಿಗೂ ಅವರೇ ಅಧ್ಯಕ್ಷರು. 1946ರಲ್ಲಿ ಮಂಡಳಿ ಗ್ರೇಟ್ ಬ್ರಿಟನ್ ಕಲಾ ಪರಿಷತ್ತಾಯಿತು. ಅಷ್ಟರಲ್ಲಿ ಕೇನ್ಸ್ ತೀರಿಕೊಂಡಿದ್ದರು, ಆದರೆ ದಿಕ್ಕು ನಿಗದಿಯಾಗಿತ್ತು. 1950ರ ದಶಕದಲ್ಲಿ ಪ್ರಾದೇಶಿಕ ಕಚೇರಿಗಳನ್ನು ಮುಚ್ಚಿದರು. ಹಣ ಲಂಡನ್ನಿನ ದೊಡ್ಡ ಸಂಸ್ಥೆಗಳ ಕಡೆ ಹರಿಯಿತು. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ದೊಡ್ಡ ಸಂಸ್ಥೆಗೆ ಸಂಬಳದ ಸಿಬ್ಬಂದಿ, ಕಟ್ಟಡ, ಸಾಲ ಇರುತ್ತವೆ. ಅದಕ್ಕೆ ಕೊಡುವುದನ್ನು ಒಂದು ವರ್ಷ ನಿಲ್ಲಿಸಿದರೂ ಮುಚ್ಚುತ್ತದೆ, ಸುದ್ದಿಯಾಗುತ್ತದೆ. ಸಣ್ಣ ತಂಡ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಬಜೆಟ್ ಕಡಿತ ಬಂದಾಗಲೆಲ್ಲ ಕತ್ತರಿ ಸಣ್ಣವರ ಮೇಲೆ ಬೀಳುವುದು ಈ ಕಾರಣಕ್ಕೆ.

ನಿಮ್ಮ ಕೊನೆಯ ಅನುಮಾನ ತುಂಬಾ ಗಂಭೀರವಾದದ್ದು. ಅನುದಾನ ಬಾಯಿ ಮುಚ್ಚಿಸುವ ಸಾಧನವಾದದ್ದು ನಮ್ಮ ಕಾಲದಲ್ಲೇ ನಡೆದಿದೆ. ದಕ್ಷಿಣ ಕೊರಿಯಾದಲ್ಲಿ ಅಧ್ಯಕ್ಷೆ ಪಾರ್ಕ್ ಗ್ಯುನ್ ಹೈ ಸರ್ಕಾರ ತನಗೆ ಆಗದ ಕಲಾವಿದರ ಕಪ್ಪುಪಟ್ಟಿ ಇಟ್ಟುಕೊಂಡು ಅವರಿಗೆ ಸರ್ಕಾರದ ನೆರವು ತಪ್ಪಿಸುತ್ತಿತ್ತು. 2016ರಲ್ಲಿ ಹೊರಬಂದ ಪಟ್ಟಿಯಲ್ಲಿ 9000ಕ್ಕೂ ಹೆಚ್ಚು ಹೆಸರುಗಳಿದ್ದವು. ಅಧ್ಯಕ್ಷೆಯ ಮಾಜಿ ಮುಖ್ಯ ಕಾರ್ಯದರ್ಶಿ ಕಿಮ್ ಕಿ ಚೂನ್ ಅವರಿಗೆ ಮರುವರ್ಷ ಜೈಲು ಶಿಕ್ಷೆಯಾಯಿತು. 2020ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಈ ಕಪ್ಪುಪಟ್ಟಿ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ಅಮೆರಿಕದಲ್ಲಿ ರೀತಿ ಬೇರೆ. ಅಲ್ಲಿನ ರಾಷ್ಟ್ರೀಯ ಕಲಾ ನಿಧಿ 1990ರಲ್ಲಿ ನಾಲ್ವರು ಕಲಾವಿದರಿಗೆ, ಸಮಿತಿ ಶಿಫಾರಸು ಮಾಡಿದ್ದರೂ, ಅನುದಾನ ನಿರಾಕರಿಸಿತು. ಅದೇ ವರ್ಷ ಸಂಸತ್ತು "ಸಭ್ಯತೆ"ಯನ್ನೂ ಪರಿಗಣಿಸಬೇಕು ಎಂದು ಕಾಯ್ದೆಯಲ್ಲಿ ಸೇರಿಸಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇದನ್ನೆಲ್ಲ ನೋಡಿ ಅನುದಾನವೇ ಬೇಡ ಎನ್ನಬಹುದು. ನಾನು ಜರ್ಮನಿಯ ಕಡೆ ನೋಡುತ್ತೇನೆ. 1933ರಲ್ಲಿ ನಾಜಿಗಳು ಕಲಾವಿದರನ್ನೆಲ್ಲ ಒಂದೇ ಸರ್ಕಾರಿ ಸಂಸ್ಥೆಯ ಕೆಳಗೆ ತಂದರು. ಅದರಲ್ಲಿ ಸದಸ್ಯತ್ವ ಇಲ್ಲದಿದ್ದರೆ ವೃತ್ತಿಯೇ ಇಲ್ಲ. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿ ಸಂಸ್ಕೃತಿಯ ಹೊಣೆಯನ್ನು ರಾಜ್ಯಗಳಿಗೆ, ನಗರಗಳಿಗೆ ಬಿಟ್ಟಿತು. ಒಕ್ಕೂಟ ಸರ್ಕಾರದಲ್ಲಿ ಸಂಸ್ಕೃತಿಗೆಂದೇ ಒಬ್ಬ ಆಯುಕ್ತರನ್ನು ನೇಮಿಸಿದ್ದು 1998ರಲ್ಲಿ. ಒಬ್ಬ ನಿರ್ದೇಶಕಿಗೆ ಒಂದು ನಗರ ಬಾಗಿಲು ಹಾಕಿದರೆ ಬೇರೆ ನಗರ ತೆರೆಯಬಹುದು. ಸ್ವಾತಂತ್ರ್ಯ ಉಳಿಯುವುದು ಕೊಡುವವರ ಒಳ್ಳೆಯತನದಿಂದ ಅಲ್ಲ, ಕೊಡುವವರು ಹಲವರು ಇರುವುದರಿಂದ. ದುಡ್ಡೆಲ್ಲ ಒಂದೇ ಕಚೇರಿಯಿಂದ ಬರುತ್ತಿದ್ದರೆ, ಅದು ಎಷ್ಟೇ ಉದಾರವಾಗಿದ್ದರೂ, ನಾನು ಹೆದರುತ್ತೇನೆ. ಎಲ್ಲವೂ ಒಬ್ಬ ಕಂಪನಿ ಪ್ರಾಯೋಜಕನಿಂದ ಬಂದರೂ ಅಷ್ಟೇ ಹೆದರುತ್ತೇನೆ.

ಹಾಗಾದರೆ ನೀವು, ತೆರಿಗೆ ಕಟ್ಟುವವರು, ಏನು ಕೇಳಬೇಕು? ಯಾವುದೇ ಸರ್ಕಾರದ ಅನುದಾನ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಒಟ್ಟು ಮೊತ್ತವನ್ನು ಆಮೇಲೆ ನೋಡಿ. ಮೊದಲು ಹಿಂದಿನ ಐದು ವರ್ಷದ ಪಟ್ಟಿಗಳ ಜೊತೆ ಇಟ್ಟು, ಈ ವರ್ಷ ಮೊದಲ ಸಲ ಬಂದ ಹೆಸರು ಎಷ್ಟಿವೆ ಎಂದು ಎಣಿಸಿ. ಪ್ರತಿ ವರ್ಷವೂ ಅವೇ ಹೆಸರುಗಳಿದ್ದರೆ ಅದು ಹುಟ್ಟುವ ಕಲೆಗೆ ಸಿಗುವ ನೆರವಲ್ಲ. ಆಯ್ಕೆ ಮಾಡಿದವರು ಯಾರು, ಅವರ ಅವಧಿ ಎಷ್ಟು, ಅವರ ಹೆಸರು ಬಹಿರಂಗವೇ ಎಂದು ಕೇಳಿ. ತಿರಸ್ಕೃತ ಅರ್ಜಿಗೆ ಕಾರಣ ಕೊಡುತ್ತಾರೆಯೇ ಎಂದು ಕೇಳಿ. ಅರ್ಜಿ ನಮೂನೆಯನ್ನೂ ಒಮ್ಮೆ ಓದಿ. ಅದನ್ನು ತುಂಬಲು ಒಬ್ಬ ಲೆಕ್ಕಿಗ ಬೇಕು ಎನಿಸಿದರೆ, ಕಚೇರಿ ಇಲ್ಲದ ಕಲಾವಿದರನ್ನು ಅದು ಮೊದಲ ಪುಟದಲ್ಲೇ ಹೊರಗಿಟ್ಟಿದೆ.

ಕೊನೆಯದಾಗಿ, ಹಣ ಯಾವಾಗ ಕೈಸೇರಿತು ಎಂದು ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ಮಂಜೂರಾದ ಮೊತ್ತ ಪಟ್ಟಿಯಲ್ಲಿರುತ್ತದೆ, ಬಿಡುಗಡೆಯಾದ ದಿನ ಇರುವುದಿಲ್ಲ. ತಾಲೀಮು ಮುಗಿದು, ಪ್ರದರ್ಶನ ಮುಗಿದು, ಬಿಲ್ಲುಗಳೆಲ್ಲ ಒಪ್ಪಿಸಿದ ಮೇಲೆ ಕಂತು ಬರುತ್ತದೆ ಎಂದರೆ ಅಷ್ಟೂ ದಿನ ಆ ಖರ್ಚನ್ನು ತಂಡವೇ ಸಾಲ ಮಾಡಿ ಹೊತ್ತಿರುತ್ತದೆ. ದೊಡ್ಡ ಸಂಸ್ಥೆಗೆ ಬ್ಯಾಂಕು ಸಾಲ ಕೊಡುತ್ತದೆ. ಸಣ್ಣ ತಂಡದವರು ಮನೆಯ ಒಡವೆ ಇಡುತ್ತಾರೆ, ಬಡ್ಡಿ ಕಟ್ಟುತ್ತಾರೆ, ಎರಡನೇ ಸಲ ಅರ್ಜಿ ಹಾಕುವುದೇ ಇಲ್ಲ. ಅರ್ಧ ಹಣವನ್ನು ತಾಲೀಮು ಶುರುವಾಗುವ ಮೊದಲೇ ಕೊಡಬೇಕು ಎಂಬ ಒಂದು ನಿಯಮಕ್ಕೆ ಹೊಸದಾಗಿ ಪೈಸೆ ಖರ್ಚಿಲ್ಲ. ನಿಮ್ಮ ಪ್ರತಿನಿಧಿಗೆ ಪತ್ರ ಬರೆಯುವುದಾದರೆ ಮೊದಲು ಇದನ್ನೇ ಕೇಳಿ.